ಜಾಮೀನು ಕೊಟ್ಟವರು ಯಾರು?

ಎಲ್ಲರಿಗೂ ಜೈ ಭೀಮ್.

ಏಪ್ರಿಲ್ 14 ಅಂದರೆ ಬಾಬಾಸಾಹೇಬರ ದಿನ. ಅವರ ಬಗ್ಗೆ ಬೆಳಗ್ಗೆಯಿಂದ ಚೆನ್ನಾಗಿ ಮಾತಾಡಿದ್ದಾರೆ. ನಾನು ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಒಬ್ಬ ಕಪ್ಪು ವ್ಯಾಪಾರಿಯ ಕಥೆ ತಂದಿದ್ದೇನೆ. ಆರ್ಥರ್ ಜಾರ್ಜ್ ಗ್ಯಾಸ್ಟನ್ ಅಂತ. ಕೋಲಾರದಲ್ಲಿ ಅವರ ಮಾತು ಯಾಕೆ ಅಂದರೆ, ಅವರ ವ್ಯಾಪಾರ ಶುರುವಾದದ್ದೇ ಗಣಿಯಲ್ಲಿ.

1892ರಲ್ಲಿ ಅಲಬಾಮಾದಲ್ಲಿ ಹುಟ್ಟಿದವರು. ಅಜ್ಜ ಅಜ್ಜಿ ಗುಲಾಮರಾಗಿದ್ದವರು. ತಾಯಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡುತ್ತಿದ್ದರು. ಮೊದಲ ಮಹಾಯುದ್ಧ ಮುಗಿಸಿಕೊಂಡು ಬಂದು ಗಣಿ ಕೆಲಸಕ್ಕೆ ಸೇರಿದರು. ಅಮ್ಮ ಕಟ್ಟಿಕೊಟ್ಟ ಬುತ್ತಿ ನೋಡಿ ಜೊತೆಯವರಿಗೆ ಆಸೆ. ಸರಿ, ಊಟ ಮಾರಿದರು. ಆಮೇಲೆ ಕಡಲೆಕಾಯಿ. ಆಮೇಲೆ ಸಾಲ, ಡಾಲರಿಗೆ 25 ಸೆಂಟ್ ಬಡ್ಡಿ! ಕೆಜಿಎಫ್‌ನವರು ನಗ್ತಾ ಇದ್ದೀರಿ. ಸಂಬಳದ ದಿನ ಗೇಟಿನ ಮುಂದೆ ಯಾರು ಕಾಯುತ್ತಿದ್ದರು ಅಂತ ನಿಮ್ಮ ಮನೆಯ ಹಿರಿಯರಿಗೆ ಗೊತ್ತು, ಅಲ್ವಾ? ಬಡ್ಡಿಯ ಮಾತನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ.

ಸತ್ತವರನ್ನು ಮಣ್ಣು ಮಾಡಲು ಅಲ್ಲಿನ ಕಪ್ಪು ಜನ ಚಂದಾ ಎತ್ತುತ್ತಿದ್ದರು. ಅದನ್ನು ನೋಡಿ 1923ರಲ್ಲಿ ಗ್ಯಾಸ್ಟನ್ ಒಂದು ಸಂಘ ಕಟ್ಟಿದರು. ಬದುಕಿರುವಾಗ ಚಿಲ್ಲರೆ ಕಟ್ಟು, ಸತ್ತಾಗ ಮರ್ಯಾದೆಯಿಂದ ಮಣ್ಣಾಗು. ಅದೇ ಬೆಳೆದು ವಿಮಾ ಕಂಪನಿ ಆಯಿತು. 1954ರಲ್ಲಿ ಗ್ಯಾಸ್ಟನ್ ಮೋಟೆಲ್ ಬಂತು. ಹೊರಗಿನಿಂದ ಬಂದ ಕಪ್ಪು ಜನ ತಲೆ ಎತ್ತಿ ತಂಗುವಂಥ ಜಾಗ.

ಊರಿನ ಒಂದು ಬ್ಯಾಂಕಿನಲ್ಲಿ ಕುಡಿಯುವ ನೀರಿನ ಮೇಲೆ ‘ಬಿಳಿಯರಿಗೆ ಮಾತ್ರ’ ಅಂತ ಬೋರ್ಡಿತ್ತು. ತೆಗೆಯದಿದ್ದರೆ ನನ್ನ ದುಡ್ಡೆಲ್ಲ ಬೇರೆ ಕಡೆ ಹೋಗುತ್ತದೆ ಅಂದರು. ಬೋರ್ಡು ಇಳಿಯಿತು. ನಮ್ಮ ಹೋಟೆಲುಗಳಲ್ಲಿ ಸೂರಿನಲ್ಲಿ ಸಿಕ್ಕಿಸಿಡುತ್ತಿದ್ದ ಬೇರೆ ಲೋಟ ನೆನಪಿದೆಯಾ?

1963. ಈ ಬಿಳಿ-ಕಪ್ಪು ಭೇದದ ವಿರುದ್ಧ ಹೋರಾಟ ನಡೆಸಲು ಮಾರ್ಟಿನ್ ಲೂಥರ್ ಕಿಂಗ್ ಬಂದು ಇಳಿದದ್ದು ಅದೇ ಮೋಟೆಲಿನ 30ನೇ ಕೋಣೆಯಲ್ಲಿ. ಜಾಗ ಕೊಟ್ಟವರಿಗೇ ಕಿಂಗ್ ಅವರ ಬೀದಿ ಹೋರಾಟದ ದಾರಿ ಹಿಡಿಸಿರಲಿಲ್ಲ! ಮಾತುಕತೆಯಲ್ಲೇ ಆಗಲಿ ಅನ್ನುವವರು ಗ್ಯಾಸ್ಟನ್. ಮೇ ತಿಂಗಳಲ್ಲಿ ಶಾಲೆಯ ಮಕ್ಕಳೇ ಮೆರವಣಿಗೆಗೆ ಇಳಿದರು. ಆಗ ಗ್ಯಾಸ್ಟನ್ ತಮ್ಮ ಆಫೀಸಿನಿಂದ ಡೇವಿಡ್ ವ್ಯಾನ್ ಅನ್ನುವ ಬಿಳಿಯ ವಕೀಲರ ಜೊತೆ ಫೋನಿನಲ್ಲಿದ್ದರು. ಕಿಂಗ್ ಮೇಲೆ ದೂರು ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಕಿಟಕಿಯ ಕಡೆ ತಿರುಗಿದರು. ಹೊರಗೆ ಬೆಂಕಿ ಆರಿಸುವ ಪೈಪು. ಎದುರಿಗೆ ಒಂದು ಪುಟ್ಟ ಹುಡುಗಿ. ನೀರಿನ ಹೊಡೆತಕ್ಕೆ ಮಗು ರಸ್ತೆಯ ನಡುವೆ ಉರುಳಿಕೊಂಡು ಹೋಗುತ್ತಿದೆ. ಅಷ್ಟೇ. ಇನ್ನು ಮಾತಾಡಲಾರೆ ಅಂತ ಫೋನ್ ಇಟ್ಟುಬಿಟ್ಟರು. ಎಪ್ಪತ್ತು ವರ್ಷದ ಮನುಷ್ಯ, ಅರ್ಧ ವಾಕ್ಯದಲ್ಲಿ ಬದಲಾದರು. ಇದನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಕೇಳಿದವರು ಇನ್ನೊಮ್ಮೆ ಕೇಳಿ.

ಮೇ 8ಕ್ಕೆ ಕಿಂಗ್ ಮತ್ತೆ ಜೈಲು ಸೇರಿದರು. ಜೊತೆಗೆ ಅವರ ಸಂಗಾತಿ ಹೋರಾಟಗಾರ ಅಬರ್ನತಿ. ಹೋರಾಟಗಾರರಿಗೂ ಊರಿನ ಬಿಳಿಯ ಮುಖಂಡರಿಗೂ ಒಪ್ಪಂದ ಇನ್ನೇನು ಆಗುವುದರಲ್ಲಿತ್ತು, ಮುರಿದುಬೀಳುವ ಹಾಗಾಯಿತು. ತಲಾ 2,500 ಡಾಲರ್ ಜಾಮೀನು. ಕೊಟ್ಟವರು ಯಾರು? ಗ್ಯಾಸ್ಟನ್. 10ಕ್ಕೆ ಒಪ್ಪಂದ ಪ್ರಕಟವಾಯಿತು. ಮಾರನೇ ರಾತ್ರಿ ಗ್ಯಾಸ್ಟನ್ ಅವರ ಮೋಟೆಲಿಗೆ ಬಾಂಬು ಬಿತ್ತು. ಸೆಪ್ಟೆಂಬರಿನಲ್ಲಿ ಮನೆಗೂ.

ನಮ್ಮಲ್ಲೂ ಇದೇ ಪ್ರಶ್ನೆ ಕೇಳಿ. ಹಾಡಿದವರ ಹೆಸರಿದೆ, ಭಾಷಣ ಮಾಡಿದವರ ಫೋಟೋ ಇದೆ. ಜಾಮೀನು ಕೊಟ್ಟವರು ಯಾರು? ಕರಪತ್ರ ಸಾಲಕ್ಕೆ ಅಚ್ಚು ಹಾಕಿದವರು ಯಾರು? ರಾತ್ರಿ ಹನ್ನೆರಡಕ್ಕೆ ಅನ್ನ ಹಾಕಿದ ಹೋಟೆಲಿನವರು ಯಾರು?

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. 1987ರಲ್ಲಿ ಗ್ಯಾಸ್ಟನ್ ವಿಮಾ ಕಂಪನಿಯನ್ನು ತಮ್ಮ ನೌಕರರಿಗೇ ಮಾರಿದರು, ಬೆಲೆಯ ಒಂದು ಪಾಲಿಗೆ ಮಾತ್ರ. 1996ರಲ್ಲಿ ತೀರಿಕೊಂಡಾಗ 103 ವರ್ಷ. ಆ ಮೋಟೆಲು 2017ರಿಂದ ರಾಷ್ಟ್ರೀಯ ಸ್ಮಾರಕದ ಭಾಗ. ಶಾಲೆ, ಉಳಿತಾಯ ಬ್ಯಾಂಕು, ಅದೆಲ್ಲ ಬಿಡುತ್ತೇನೆ.

ಒಂದೇ ಮಾತು ಉಳಿದಿದೆ. ಬೇರೆ ಲೋಟದ ವಿಷಯಕ್ಕೆ ನಾವು ಹನ್ನೊಂದು ಜನ ಒಳಗಿದ್ದೆವು. ಮೂರು ದಿನ ಯಾರೂ ಬರಲಿಲ್ಲ. ನಾಲ್ಕನೇ ದಿನ ಸೈಕಲ್ ಅಂಗಡಿಯವರೊಬ್ಬರು ತಮ್ಮ ಅರ್ಧ ಎಕರೆಯ ಪಹಣಿ ಹಿಡಿದುಕೊಂಡು ಕೋರ್ಟಿಗೆ ಬಂದರು. ಕೈಗೆ ಗ್ರೀಸು ಹಾಗೇ ಇತ್ತು. ಅವರು ಇವತ್ತು ಹಿಂದಿನ ಸಾಲಿನಲ್ಲಿ, ಫ್ಯಾನಿನ ಕೆಳಗೆ ಕೂತಿದ್ದಾರೆ. ಅಣ್ಣಾ, ಸುಮ್ನೆ ತಲೆ ತಗ್ಗಿಸಬೇಡಿ. ಇಲ್ಲಿ ಬಂದು ಕೂತುಕೊಳ್ಳಿ. ನನ್ನ ಕುರ್ಚಿ ಖಾಲಿ ಇದೆ.