ಗೆಕ್ಕೋ ಮೈಮೇಲಿನ ಮಚ್ಚೆ: ಮರಿಗಳನ್ನು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಗೆಕ್ಕೋ ಅಂದರೆ ಮನೆಯಲ್ಲಿ ಸಾಕುವ ಒಂದು ಬಗೆಯ ಹಲ್ಲಿ. ಅದನ್ನು ಸಾಕಿರುವವರು ನನ್ನನ್ನು ಕಂಡ ಕೂಡಲೇ ಕೇಳುವುದು ಒಂದೇ ಪ್ರಶ್ನೆ. "ನಮ್ಮ ಲೆಪರ್ಡ್ ಗೆಕ್ಕೋ ಬೆನ್ನ ಮೇಲೆ ವಿಚಿತ್ರ ಬಣ್ಣದ ಮಚ್ಚೆ ಇದೆ. ಮರಿಗಳಿಗೂ ಬರುತ್ತಾ?" ಜೊತೆಗೇ ಫೋನ್ ತೆಗೆದು ಫೋಟೋ ತೋರಿಸುತ್ತಾರೆ. ಫೋಟೋ ನೋಡಿ ಇದಕ್ಕೆ ಉತ್ತರ ಹೇಳಲು ಯಾರಿಂದಲೂ ಆಗುವುದಿಲ್ಲ. ಮಚ್ಚೆಯನ್ನು ಕೇಳಬೇಡಿ, ಮರಿಗಳನ್ನು ಕೇಳಿ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಯಾಕೆ ಅಂತೀರಾ? ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಬಣ್ಣದ ಜೀವಕೋಶಗಳು ಚರ್ಮದಲ್ಲೇ ಹುಟ್ಟುವುದಿಲ್ಲ. ಬೆನ್ನುಹುರಿ ಆಗುವ ಜಾಗದ ಪಕ್ಕದಲ್ಲಿ ಹುಟ್ಟಿ, ಅಲ್ಲಿಂದ ಮೈತುಂಬ ಹರಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಒಂದೇ ಒಂದು ಕೋಶದ ಜೀನ್ ಬದಲಾಯಿತು ಅನ್ನಿ. ಅದರಿಂದ ಹುಟ್ಟಿದ ಕೋಶಗಳು ಎಲ್ಲಿ ನೆಲೆಸುತ್ತವೋ ಅಲ್ಲಿ ಮಾತ್ರ ಬೇರೆ ಬಣ್ಣ. ಅಂಡಾಣು, ವೀರ್ಯಾಣುಗಳಿಗೆ ಆ ಸುದ್ದಿಯೇ ಮುಟ್ಟಿರುವುದಿಲ್ಲ. ಇನ್ನು ಮರಿಗಳಿಗೆ ಹೇಗೆ ಬಂದೀತು? ಆಲ್ಬಿನೋ ಗೆಕ್ಕೋ ಮೈಮೇಲೆ ಒಮ್ಮೊಮ್ಮೆ ಅಚ್ಚ ಕಪ್ಪು ಚುಕ್ಕೆ ಕಾಣುತ್ತದೆ. ಕಪ್ಪು ಬಣ್ಣ ಮಾಡಲಾಗದ ಪ್ರಾಣಿಯಲ್ಲಿ ಕಪ್ಪು! ಸಾಕುವವರು ಇದನ್ನು ಪ್ಯಾರಡಾಕ್ಸ್ ಅನ್ನುತ್ತಾರೆ. ಅದರ ಮರಿಗಳು ಸಾಮಾನ್ಯವಾಗಿ ಚುಕ್ಕೆ ಇಲ್ಲದೆಯೇ ಹುಟ್ಟುತ್ತವೆ.

ಎಲ್ಲ ಸಲವೂ ಹೀಗೇ ಅಲ್ಲ. ಲೆಮನ್ ಫ್ರಾಸ್ಟ್ ಎಂಬ ಬಣ್ಣದ ಕಥೆ ಹೇಳದೆ ನನಗೆ ಸಮಾಧಾನವಿಲ್ಲ. ಸಾಮಾನ್ಯ ಬಣ್ಣದ ಗೆಕ್ಕೋಗಳ ವಂಶದಲ್ಲಿ ಇದ್ದಕ್ಕಿದ್ದಂತೆ ಒಂದು ಹೊಸ ಬಣ್ಣ ಕಾಣಿಸಿಕೊಂಡಿತು. ಹೊಳೆಯುವ ಹಳದಿ, ಅದಕ್ಕೆ ಹಿಮ ಉದುರಿಸಿದಂತೆ ಬಿಳಿ. ಈ ಬಣ್ಣದ ಒಂದು ಗಂಡಿನ ಹೆಸರು ಮಿಸ್ಟರ್ ಫ್ರಾಸ್ಟಿ. ಅದನ್ನು ಹಲವು ಹೆಣ್ಣುಗಳ ಜೊತೆ ಕೂಡಿಸಿದರು. ಮೊದಲ ತಲೆಮಾರಿನಲ್ಲೇ ಬಣ್ಣ ಬಂತು. ಅಂದರೆ ಜೀನ್‌ನ ಒಂದು ಪ್ರತಿ ಸಿಕ್ಕಿದರೂ ಸಾಕು. ತಾಯಿ ತಂದೆ ಇಬ್ಬರಿಂದಲೂ ಬಂದರೆ ಬಣ್ಣ ಇನ್ನೂ ಜಾಸ್ತಿ, ಚರ್ಮವೂ ದಪ್ಪ. ಎಲ್ಲರಿಗೂ ಅದೇ ಬೇಕಾಯಿತು. ಆಮೇಲೆ ಅದೇ ಗೆಕ್ಕೋಗಳ ಚರ್ಮದಲ್ಲಿ ಬಿಳಿ ಗಂಟುಗಳು ಏಳತೊಡಗಿದವು. ಬಿಳಿ ಹೊಳಪು ಕೊಡುವ ಕೋಶಗಳೇ ಬೆಳೆದು ಗೆಡ್ಡೆಯಾಗಿದ್ದವು. ಬೇರೆ ವಂಶದ ಜೊತೆ ಕೂಡಿಸಿದರೆ ಗಂಟು ಹೋಗಿ ಬಣ್ಣ ಉಳಿಯುತ್ತದೆ ಎಂದು ಕೆಲವರು ನಂಬಿದ್ದರು. ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಮಿಸ್ಟರ್ ಫ್ರಾಸ್ಟಿಯ ಸಂತತಿಯ ಡಿಎನ್ಎ ತೆಗೆದು ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಣ್ಣ, ಗೆಡ್ಡೆ ಎರಡೂ ಸ್ಪಿಂಟ್1 ಎಂಬ ಒಂದೇ ಜೀನ್‌ಗೆ ಅಂಟಿಕೊಂಡಿದ್ದವು. ಆ ಬಣ್ಣದ ಗೆಕ್ಕೋಗಳಲ್ಲಿ ಶೇಕಡಾ 80ಕ್ಕೂ ಹೆಚ್ಚಿನವಕ್ಕೆ ಗೆಡ್ಡೆ ಬರುತ್ತಿತ್ತು. ಇದನ್ನು ಹೇಳಿದ್ದು ಯಾರು? ಮರಿಗಳು, ಅಲ್ವಾ?

ಸಮಯ ಓಡುತ್ತಿದೆ, ಬೇಗ ಬೇಗ ಹೇಳಿಬಿಡುತ್ತೇನೆ. ಲೆಪರ್ಡ್ ಗೆಕ್ಕೋ ಮರಿಗೆ ಹುಟ್ಟುವಾಗ ಅಗಲ ಪಟ್ಟೆಗಳಿರುತ್ತವೆ. ಬೆಳೆಯುತ್ತಾ ಅವೇ ಒಡೆದು ಚುಕ್ಕೆಗಳಾಗುತ್ತವೆ. ಅದನ್ನು ಹೊಸ ಮಚ್ಚೆ ಅಂದುಕೊಂಡು ಸುಮ್ನೆ ಸಂಭ್ರಮಪಡಬೇಡಿ. ಮೊಟ್ಟೆ ಇಟ್ಟ ಜಾಗ ತಂಪಾಗಿದ್ದರೆ ಮರಿಯ ಬಣ್ಣ ಗಾಢವಾಗುತ್ತದೆ, ಬೆಚ್ಚಗಿದ್ದರೆ ತಿಳಿಯಾಗುತ್ತದೆ. ಅದೂ ವಂಶದಿಂದ ಬಂದದ್ದಲ್ಲ. ಕ್ರೆಸ್ಟೆಡ್ ಗೆಕ್ಕೋ ಎಂಬ ಇನ್ನೊಂದು ಜಾತಿಯಲ್ಲಿ ಡಾಲ್ಮೇಷಿಯನ್ ಎಂದು ಕರೆಯುವ ಚುಕ್ಕೆ ಮಾತ್ರ ವಂಶದಲ್ಲೇ ಹರಿದು ಬರುತ್ತದೆ. ಸಾಕುವವರಿಗೆ ಇದು ಗೊತ್ತಾದದ್ದೂ ಮರಿಗಳನ್ನು ನೋಡಿಯೇ.

ಹಾಗಾದರೆ ಪರೀಕ್ಷೆ ಹೇಗೆ? ಮಚ್ಚೆಯ ಗೆಕ್ಕೋವನ್ನು ಸಂಬಂಧವಿಲ್ಲದ ಸಾದಾ ಗೆಕ್ಕೋ ಜೊತೆ ಕೂಡಿಸಿ. ಸುಮಾರು ಅರ್ಧ ಮರಿಗಳಲ್ಲಿ ಮಚ್ಚೆ ಬಂದರೆ ಉತ್ತರ ಸಿಕ್ಕಿತು. ಒಂದರಲ್ಲೂ ಬರಲಿಲ್ಲವೇ? ಜೀನ್ ಅಡಗಿ ಕೂತಿರಬಹುದು. ಆ ಮರಿಗಳಲ್ಲಿ ಒಂದು ದೊಡ್ಡದಾದ ಮೇಲೆ ಅದನ್ನು ಮಚ್ಚೆಯ ತಾಯಿ ಅಥವಾ ತಂದೆಯ ಜೊತೆ ಕೂಡಿಸಿ. ಅಡಗಿದ್ದ ಜೀನ್ ಒಂದೇ ಆಗಿದ್ದರೆ ಈಗ ಹತ್ತಿರ ಹತ್ತಿರ ಅರ್ಧದಲ್ಲಿ ಕಾಣಬೇಕು. ಗೆಕ್ಕೋ ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ನಾಲ್ಕು ಮರಿ ನೋಡಿ ತೀರ್ಮಾನ ಮಾಡುವ ಹಾಗಿಲ್ಲ. ವರ್ಷಗಳೇ ಬೇಕು. ಅಲ್ಲಿಯವರೆಗೆ ಹೊಸ ಮಾರ್ಫ್, ಅಂದರೆ ವಂಶದಲ್ಲಿ ಹರಿಯುವ ಹೊಸ ಬಣ್ಣದ ಬಗೆ, ಅಂತ ಹೆಸರಿಟ್ಟು ಮಾರಬೇಡಿ, ದಯವಿಟ್ಟು.

ಕೊನೆಗೊಂದು ಮಾತು. ಮಚ್ಚೆಯ ಮೇಲೆ ಬೆರಳಾಡಿಸಿ ನೋಡಿ. ಉಬ್ಬಿದ್ದರೆ, ಗಟ್ಟಿಯಾಗಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಿ. ಮರಿ ಮಾಡಿಸುವ ಯೋಚನೆ ಆಮೇಲೆ. ನಮಸ್ಕಾರ.