ಬಾಟಲಿಗೆ ಮೂರು ತೂತು

ಕೇಳುಗರೇ, ನಮಸ್ಕಾರ.

ಬೇಸಿಗೆ ರಜೆ ಬಂತು. ಕೊಪ್ಪಳದ ಬಿಸಿಲಿಗೆ ಮಕ್ಕಳನ್ನು ಹೊರಗೆ ಬಿಡೋ ಹಾಗಿಲ್ಲ, ಒಳಗಿದ್ದರೆ ಮೊಬೈಲ್ ಕೈಬಿಡೋದಿಲ್ಲ. ಅದಕ್ಕೇ ಇವತ್ತು ಒಂದಿಷ್ಟು ನೀರಿನ ಪ್ರಯೋಗ ಹೇಳುತ್ತೇನೆ. ಷರತ್ತು ಒಂದೇ. ಏನಾಗುತ್ತದೆ ಅಂತ ನೀವು ಮೊದಲೇ ಬಾಯಿ ಬಿಡಬಾರದು. ಮಗು ಊಹಿಸಲಿ, ಆಮೇಲೆ ನೋಡಲಿ. ಊಹೆ ತಪ್ಪಿದ ಮಗುವೇ ಜಾಸ್ತಿ ಹೊತ್ತು ಕೂತು ನೋಡುತ್ತದೆ.

ಒಂದು ಲೀಟರಿನ ಖಾಲಿ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ಕಾಯಿಸಿದ ದಬ್ಬಣದಿಂದ ಒಂದೇ ಅಳತೆಯ ಮೂರು ತೂತು ಮಾಡಿ. ಮೇಲೊಂದು, ನಡುವೆ ಒಂದು, ಕೆಳಗೊಂದು. ಈ ಕೆಲಸ ದೊಡ್ಡವರದ್ದೇ. ತೂತುಗಳು ಸ್ವಲ್ಪ ಅಕ್ಕಪಕ್ಕ ಇರಲಿ, ಇಲ್ಲದಿದ್ದರೆ ಧಾರೆಗಳು ಒಂದಕ್ಕೊಂದು ಬಡಿಯುತ್ತವೆ. ಟೇಪು ಅಂಟಿಸಿ, ನೀರು ತುಂಬಿ, ಮುಚ್ಚಳ ಹಾಕದೆ ಅಂಗಳದಲ್ಲಿ ಎತ್ತರದ ಸ್ಟೂಲಿನ ಅಂಚಿಗೆ ಇಡಿ. ಯಾವ ಧಾರೆ ದೂರ ಹೋಗಿ ಬೀಳುತ್ತದೆ? ಕೇಳಿ. ಆಮೇಲೆ ಟೇಪು ಕಿತ್ತುಬಿಡಿ.

ಕೆಳಗಿನದೇ ದೂರ ಹೋಗುತ್ತದೆ. ಅದರ ಮೇಲಿರುವ ನೀರಿನ ಭಾರವೆಲ್ಲ ಸೇರಿ ಅದನ್ನು ಜೋರಾಗಿ ತಳ್ಳುತ್ತದೆ. ಮುನಿರಾಬಾದಿಗೆ ಹೋಗಿ ತುಂಗಭದ್ರಾ ಡ್ಯಾಮು ನೋಡಿದ್ದೀರಲ್ವಾ? 1953ರಲ್ಲಿ ಪೂರ್ತಿಯಾದ ಆ ಗೋಡೆ ಬುಡದಲ್ಲಿ ದಪ್ಪ, ಮೇಲೆ ಹೋದಂತೆ ತೆಳು. ಯಾಕೆ ಅಂತ ಈಗ ಮಗುವಿಗೇ ಕೇಳಿ.

ಇಲ್ಲಿಗೇ ನಿಲ್ಲಿಸಬೇಡಿ. ಅದೇ ಬಾಟಲಿಗೆ ಮತ್ತೆ ನೀರು ತುಂಬಿ ನೆಲದ ಮೇಲಿಡಿ. ಈ ಸಲ ನಡುವಿನ ಧಾರೆ ಗೆಲ್ಲುತ್ತದೆ! ಕೆಳಗಿನದು ಈಗಲೂ ಜೋರಾಗಿಯೇ ಚಿಮ್ಮುತ್ತದೆ. ಆದರೆ ದೂರ ಹೋಗೋಕೆ ಮೊದಲೇ ನೆಲ ಸಿಕ್ಕಿಬಿಡುತ್ತದೆ. ಎಷ್ಟೋ ಪುಸ್ತಕಗಳಲ್ಲಿ ಬಾಟಲಿಯನ್ನು ನೆಲದ ಮೇಲಿಟ್ಟೇ ಕೆಳಗಿನ ಧಾರೆಯನ್ನು ದೂರಕ್ಕೆ ಬರೆದಿರುತ್ತಾರೆ. ಮಾಡಿ ನೋಡದೆ ಬರೆದ ಚಿತ್ರ ಅದು.

ನಡುವೆ ಒಂದು ಮಾತು. ಪುಟ್ಟ ಮಕ್ಕಳನ್ನು ತುಂಬಿದ ಬಕೆಟ್ ಹತ್ತಿರ ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಮೊಟ್ಟೆ ಪ್ರಯೋಗ ನಿಮಗೆ ಗೊತ್ತೇ ಇದೆ. ಬರೀ ನೀರಲ್ಲಿ ಮುಳುಗುತ್ತದೆ, ಚಮಚ ಚಮಚ ಉಪ್ಪು ಕರಗಿಸುತ್ತ ಹೋದರೆ ತೇಲುತ್ತದೆ. ಮೊಟ್ಟೆ ತರದ ಮನೆಯವರಿಗೆ ಆಲೂಗಡ್ಡೆ ಚೂರು ಸಾಕು.

ಇನ್ನೊಂದು ನಮ್ಮ ಸೀಮೆಗೇ ಹೇಳಿ ಮಾಡಿಸಿದ್ದು. ಎರಡು ಬಾಟಲಿ ನೀರನ್ನು ನೆರಳಲ್ಲಿ, ಗಾಳಿ ಆಡುವ ಕಡೆ ಇಡಿ. ಒಂದಕ್ಕೆ ಹಸಿ ಹತ್ತಿ ಬಟ್ಟೆ ಸುತ್ತಿ. ಬಟ್ಟೆ ಒಣಗದಂತೆ ನೀರು ಚಿಮುಕಿಸುವುದು ಮಗುವಿನ ಕೆಲಸ. ತಾಸು ಬಿಟ್ಟು ಮುಟ್ಟಿ ನೋಡಿ. ಬಟ್ಟೆಯ ನೀರು ಆರುವಾಗ ಬಾಟಲಿಯ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಗಡಿಗೆ ನೀರು ತಣ್ಣಗಾಗುವುದೂ ಹೀಗೇ. ನಮ್ಮದು ಒಣ ಹವೆ, ಅದಕ್ಕೆ ಬೇಗ ತಂಪಾಗುತ್ತದೆ. ಮಂಗಳೂರಿನ ಜಿಗುಟು ಸೆಖೆಯಲ್ಲಿ ಇಷ್ಟು ಚೆನ್ನಾಗಿ ಆಗೋದಿಲ್ಲ.

ಕೊನೆಗೆ ಸಾಬೂನು. ಒಂದು ಬಾಟಲಿಗೆ ಬೋರಿನ ನೀರು, ಇನ್ನೊಂದಕ್ಕೆ ಶುದ್ಧ ನೀರಿನ ಘಟಕದ ನೀರು ಹಾಕಿ. ಮೈಗೆ ಹಚ್ಚುವ ಸಾಬೂನನ್ನು ತುರಿದು ಎರಡಕ್ಕೂ ಅಷ್ಟಷ್ಟೇ ಹಾಕಿ, ಮುಚ್ಚಳ ಬಿಗಿದು ಕುಲುಕಿ. ಬಟ್ಟೆ ಪುಡಿ ಬೇಡ, ಅದು ಗಡಸು ನೀರಲ್ಲೂ ನೊರೆ ಕೊಡುತ್ತದೆ. ಬೋರಿನ ನೀರಲ್ಲಿ ನೊರೆ ಕಮ್ಮಿಯಾಗಿ ಬೆಳ್ಳನೆ ಕೆನೆ ಕಟ್ಟಿದರೆ, ಅದು ಗಡಸು ನೀರು, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ ನೀರು. ಅದೇ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ ಇನ್ನೊಮ್ಮೆ ಕುಲುಕಿ. ಕೆಲವು ಊರಿನ ನೀರಿಗೆ ಈಗ ನೊರೆ ಬರುತ್ತದೆ, ಕೆಲವಕ್ಕೆ ಬರೋದಿಲ್ಲ, ಯಾಕಂದರೆ ಎಲ್ಲ ಗಡಸುತನವೂ ಕುದಿಸಿದರೆ ಹೋಗುವಂಥದ್ದಲ್ಲ. ನಿಮ್ಮೂರ ನೀರು ಯಾವ ಥರದ್ದು ಅಂತ ಮಗುವೇ ಹೇಳಲಿ. ನಮಸ್ಕಾರ.