ಕೊಲೆಗಾರ ಯಾರೆಂದು ಗೊತ್ತಾದ ಮೇಲೂ ನಾವು ಪುಟ ತಿರುವುವುದೇಕೆ?

[ಪರದೆಯ ಮೇಲೆ: ಹಳೆಯ ಪುಸ್ತಕವೊಂದರ ಹದಿನಾಲ್ಕನೆಯ ಪುಟ]

ನಮಸ್ಕಾರ. ನನ್ನ ಕೈಯಲ್ಲಿರುವ ಈ ಪತ್ತೇದಾರಿ ಕಾದಂಬರಿಯನ್ನು ಪಾವಗಡದ ವೀಕ್ಷಕರೊಬ್ಬರು ಕಳುಹಿಸಿಕೊಟ್ಟಿದ್ದಾರೆ. ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಲೈಬ್ರರಿಯೊಂದು ಬಾಗಿಲು ಮುಚ್ಚಿದಾಗ ಅವರ ತಂದೆ ತೂಕದ ಲೆಕ್ಕದಲ್ಲಿ ಕೊಂಡು ತಂದ ಪುಸ್ತಕಗಳಲ್ಲಿ ಇದೂ ಒಂದು. ಕಂದು ಕಾಗದದ ಹೊದಿಕೆ ನೂರಾರು ಕೈಗಳ ಜಿಡ್ಡಿನಿಂದ ಕಪ್ಪಾಗಿದೆ, ಕಿತ್ತುಹೋದ ಹಾಳೆಗಳನ್ನು ಯಾರೋ ಗೋಣಿದಾರದಿಂದ ಹೊಲಿದಿದ್ದಾರೆ. ಈ ಪುಟದ ಅಂಚನ್ನು ಸ್ವಲ್ಪ ಹತ್ತಿರದಿಂದ ನೋಡಿ. ಪೆನ್ಸಿಲ್ಲಿನಲ್ಲಿ ಒಬ್ಬರು "ಮ್ಯಾನೇಜರೇ ಕೊಲೆಗಾರ" ಎಂದು ಬರೆದಿದ್ದಾರೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಇನ್ನೊಬ್ಬರು "ಹೇಳಿ ಕೆಡಿಸಿದ ಪುಣ್ಯಾತ್ಮ, ನಿನಗೆ ಒಳ್ಳೆಯದಾಗಲಿ" ಎಂದು ನೊಂದುಕೊಂಡಿದ್ದಾರೆ. ಅದಕ್ಕೂ ಕೆಳಗೆ, ಮೂರನೆಯ ಕೈಬರಹದಲ್ಲಿ, ಸಣ್ಣ ಅಕ್ಷರಗಳಲ್ಲಿ ಹೀಗಿದೆ: "ಗೊತ್ತಿದ್ದೂ ಓದಿದೆ. ರಾತ್ರಿ ಎರಡಾಯಿತು."

ಪುಸ್ತಕ ಕಳುಹಿಸಿದವರ ಪ್ರಶ್ನೆ ಇಷ್ಟೇ: ಹದಿನಾಲ್ಕನೆಯ ಪುಟದಲ್ಲೇ ಗುಟ್ಟು ರಟ್ಟಾದ ಮೇಲೆ ಈ ಮೂರನೆಯವರನ್ನು ರಾತ್ರಿ ಎರಡರವರೆಗೆ ಎಬ್ಬಿಸಿ ಕೂರಿಸಿದ್ದು ಯಾವುದು?

ಎಲ್ಲರಿಗೂ ತಿಳಿದ ಸಂಗತಿಗಳನ್ನು ಬೇಗ ದಾಟಿಬಿಡೋಣ. ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಎಂದರೆ ಮೊದಲು ನೆನಪಾಗುವವರು ಎನ್. ನರಸಿಂಹಯ್ಯನವರು. ನಾಲ್ಕನೆಯ ತರಗತಿಗೆ ಓದು ನಿಂತ ಅವರು ಪತ್ತೇದಾರ ಪುರುಷೋತ್ತಮನಂಥ ಪಾತ್ರಗಳನ್ನು ಕಟ್ಟಿ, ನೂರಾರು ಕಾದಂಬರಿಗಳನ್ನು ಬರೆದು, ಅಕ್ಷರ ಕೂಡಿಸಿ ಓದುತ್ತಿದ್ದವರನ್ನೂ ಪುಸ್ತಕದ ಅಂಗಡಿಗೆ ಕರೆತಂದರು. ಇಂಥ ಪುಸ್ತಕಗಳನ್ನು ಕಾಲಹರಣದ ಸರಕೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಓದುವ ಅಭ್ಯಾಸ ನನ್ನ ಮನೆಗೆ ಬಂದದ್ದೇ ಈ ಬಾಗಿಲಿನಿಂದ.

ಈಗ ಪ್ರಶ್ನೆಗೆ ಬರೋಣ. ಚಿತ್ರನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ 1962ರಲ್ಲಿ ಫ್ರಾನ್ಸಿನ ನಿರ್ದೇಶಕ ತ್ರುಫೋ ಅವರೊಂದಿಗೆ ಮಾತನಾಡುತ್ತ ಒಂದು ಉದಾಹರಣೆ ಕೊಟ್ಟಿದ್ದರು. ಇಬ್ಬರು ಮೇಜಿನ ಬಳಿ ಕುಳಿತು ಲೋಕಾಭಿರಾಮವಾಗಿ ಮಾತನಾಡುತ್ತಿರುವಾಗ ಇದ್ದಕ್ಕಿದ್ದಂತೆ ಬಾಂಬು ಸಿಡಿದರೆ ಪ್ರೇಕ್ಷಕ ಹದಿನೈದು ಸೆಕೆಂಡು ಬೆಚ್ಚುತ್ತಾನೆ. ಮೇಜಿನ ಕೆಳಗೆ ಬಾಂಬಿದೆಯೆಂದು ಮೊದಲೇ ಅವನಿಗೆ ತೋರಿಸಿಬಿಟ್ಟರೆ, ಅದೇ ಹರಟೆಯನ್ನು ಅವನು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತಾನೆ.

ಈ ಮಾತನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ, ಏಕೆಂದರೆ ಇದನ್ನು ನಮ್ಮ ತುಮಕೂರು ಜಿಲ್ಲೆಯ ಬಯಲಿನಲ್ಲಿ ಚಿಕ್ಕಂದಿನಲ್ಲೇ ಕಂಡಿದ್ದೆ. ಮಧುಗಿರಿ ಕಡೆಯ ನನ್ನ ತಾಯಿಯ ಊರಿನಲ್ಲಿ ಬೇಸಿಗೆಯಲ್ಲೊಮ್ಮೆ ಕುರುಕ್ಷೇತ್ರ ನಾಟಕ ಆಡಿಸುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಮೆರೆಸಿದ ಕಥೆಯಿದು. ನಮ್ಮೂರಿನಲ್ಲಿ ಆನೆಯಿರಲಿಲ್ಲ, ಹಾರ್ಮೋನಿಯಂ ಮೇಷ್ಟ್ರು ಮತ್ತು ಬಾಡಿಗೆಯ ಕಿರೀಟಗಳಿದ್ದವು. ಬೆಳಗಿನ ಜಾವದ ಹೊತ್ತಿಗೆ ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ, ಅಂದರೆ ನೀಲಿ ಪರದೆಯೊಂದರ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ, ಭೀಮ ದಡದಲ್ಲಿ ನಿಂತು ಮೂದಲಿಸುತ್ತಿದ್ದಾನೆ. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅಜ್ಜನೊಬ್ಬ ಈ ನಾಟಕವನ್ನು ಅದೆಷ್ಟು ವರ್ಷ ನೋಡಿದ್ದನೋ, ಪದಗಳನ್ನೆಲ್ಲ ನಟರಿಗಿಂತ ಅರ್ಧ ಸಾಲು ಮುಂದೆಯೇ ಗುನುಗುತ್ತಿದ್ದವನು, ಪರದೆ ಅಲುಗಾಡಿದ ಕೂಡಲೇ ಬೀಡಿ ಕೆಳಗಿಟ್ಟು, ಯಾರಿಗೂ ಕೇಳಿಸದಂತೆ "ಬರಬ್ಯಾಡ ಕಣೋ, ಅಲ್ಲೇ ಇರೋ" ಎಂದ.

ಈ ಅಜ್ಜನನ್ನು ನಾನು ಮರೆತಿಲ್ಲ. ದುರ್ಯೋಧನ ಹೊರಗೆ ಬರುತ್ತಾನೆ, ತೊಡೆ ಮುರಿಸಿಕೊಳ್ಳುತ್ತಾನೆ ಎಂಬುದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅವನ ಕೈಯಿಂದ ಬೀಡಿ ಕೆಳಗಿಳಿಯಿತು. ಏನಾಗುತ್ತದೆಂದು ತಿಳಿಯದ ನಾನು ಆ ಹೊತ್ತಿನಲ್ಲಿ ಆಕಳಿಸುತ್ತಿದ್ದೆ. ಒಬ್ಬ ಮನುಷ್ಯ ತನ್ನ ಅಂತ್ಯದ ಕಡೆಗೆ ತಾನೇ ನಡೆದು ಬರುವುದನ್ನು ತಡೆಯಲಾಗದೆ ನೋಡುವ ಸಂಕಟವೇ ಆ ಮೂರನೆಯ ಕೈಬರಹದವರನ್ನೂ ಎಬ್ಬಿಸಿ ಕೂರಿಸಿತ್ತು ಎಂದು ನಾನು ನಂಬುತ್ತೇನೆ.

ಇದಕ್ಕೆ ಪ್ರಯೋಗದ ಆಧಾರವೂ ಉಂಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಎಂಬ ಮನೋವಿಜ್ಞಾನಿಗಳು 12 ಸಣ್ಣಕಥೆಗಳನ್ನು ಓದಲು ಕೊಟ್ಟು, ಕೆಲವರಿಗೆ ಅಂತ್ಯವನ್ನು ಮೊದಲೇ ತಿಳಿಸಿದರು. 2011ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಪ್ರಕಾರ, ಒಟ್ಟಾರೆಯಾಗಿ ಅಂತ್ಯ ತಿಳಿದು ಓದಿದವರೇ ಕಥೆಯನ್ನು ತುಸು ಹೆಚ್ಚು ಮೆಚ್ಚಿಕೊಂಡಿದ್ದರು; ಆ ಕಥೆಗಳಲ್ಲಿ ಪತ್ತೇದಾರಿ ಕಥೆಗಳೂ ಇದ್ದವು. ಮುಂದೆ ಬೇರೆಯವರು ನಡೆಸಿದ ಕೆಲವು ಪ್ರಯೋಗಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಆದ್ದರಿಂದ ನೀಲಿ ಶಾಯಿಯವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಒಗಟನ್ನು ತಾನೇ ಬಿಡಿಸಬೇಕೆಂದು ಕುಳಿತವರಿಗೆ ಉತ್ತರ ಹೇಳಿಬಿಡುವುದು ನಿಜಕ್ಕೂ ಅನ್ಯಾಯ.

ಹಾಗಾದರೆ ಬರಹಗಾರನ ಕುಶಲತೆ ಎಲ್ಲಿದೆ? ಇಲ್ಲಿ ಟಿ.ಕೆ. ರಾಮರಾವ್ ಅವರನ್ನು ನೆನೆಯಲೇಬೇಕು. ಪತ್ತೇದಾರಿ ಮತ್ತು ರೋಚಕ ಕಾದಂಬರಿಗಳಿಗೆ ಹೆಸರಾದ ಅವರೇ 'ಬಂಗಾರದ ಮನುಷ್ಯ' ಕಾದಂಬರಿಯನ್ನೂ ಬರೆದವರು ಎಂದರೆ ಇಂದಿಗೂ ಹಲವರು ಹುಬ್ಬೇರಿಸುತ್ತಾರೆ. ಅದನ್ನು ಆಧರಿಸಿ, ನಮ್ಮ ಜಿಲ್ಲೆಯವರೇ ಆದ ಸಿದ್ದಲಿಂಗಯ್ಯನವರು 1972ರಲ್ಲಿ ತೆರೆಗೆ ತಂದ ಚಿತ್ರವನ್ನು ಬೇಸಾಯದ ಕಥೆ, ತ್ಯಾಗದ ಕಥೆ ಎಂದೇ ನಾವು ನೆನೆಯುತ್ತೇವೆ. ಆದರೆ ಅದರ ನಡುವೆ ಒಂದು ಗುಟ್ಟು ಹುದುಗಿದೆ. ರಾಜೀವ ಪಟ್ಟಣದಲ್ಲಿ ಒಬ್ಬ ಹೆಂಗಸಿನ ಮನೆಗೆ ಹೋಗಿಬರುತ್ತಾನೆ, ಯಾರಿಗೂ ಕಾರಣ ಹೇಳುವುದಿಲ್ಲ, ಕೊನೆಗೆ ಅಕ್ಕನ ಮಗನೇ ಅವನ ನಡತೆಯ ಮೇಲೆ ಕೆಸರೆರಚುತ್ತಾನೆ. ಆಕೆ ತೀರಿಹೋದ ಭಾವನ ಎರಡನೆಯ ಹೆಂಡತಿ ಎಂದು ತಿಳಿಯುವುದು ಆಮೇಲೆ.

ಮೊದಲ ಸಲ ನೋಡುವಾಗ ಇದು ಕುತೂಹಲ: ಆಕೆ ಯಾರಿರಬಹುದು? ಎರಡನೆಯ ಸಲ ಅದೇ ದೃಶ್ಯ ಬಂದಾಗ ಉತ್ತರ ನಮಗೂ ಗೊತ್ತು, ರಾಜೀವನಿಗೂ ಗೊತ್ತು, ಎದುರಿಗೆ ನಿಂತು ನಿಂದಿಸುವ ಹುಡುಗನಿಗೆ ಮಾತ್ರ ಗೊತ್ತಿಲ್ಲ. ಸತ್ತ ಭಾವನ ಮರ್ಯಾದೆಗಾಗಿ ಅವನು ಬಾಯಿ ಬಿಡುವುದಿಲ್ಲ ಎಂದು ತಿಳಿದಿರುವ ನಾವು, ಆ ಅಜ್ಜನಂತೆಯೇ, ಒಳಗೊಳಗೇ "ಹೇಳಿಬಿಡಪ್ಪ" ಎನ್ನುತ್ತೇವೆ. ಒಂದೇ ಗುಟ್ಟು ಎರಡು ಸಲ ಎರಡು ಬಗೆಯಲ್ಲಿ ಕೆಲಸ ಮಾಡುವುದು ಹೀಗೆ. ಬಿಡುಗಡೆಯಾದ ಕಾಲದಲ್ಲಿ ಜನ ಅದನ್ನು ಮತ್ತೆ ಮತ್ತೆ ಹೋಗಿ ನೋಡಿದ್ದಕ್ಕೆ ರಾಜ್‌ಕುಮಾರ್ ಅವರ ಅಭಿನಯ ಮತ್ತು ಹಾಡುಗಳ ಜೊತೆಗೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಸಮಯ ಮೀರುತ್ತಿರುವುದರಿಂದ ಉಳಿದ ಒಂದು ಸಂಗತಿಯನ್ನು ಚಿಕ್ಕದಾಗಿ ಹೇಳುತ್ತೇನೆ. 1893ರಲ್ಲಿ ಕಾನನ್ ಡಾಯ್ಲ್ ಷರ್ಲಾಕ್ ಹೋಮ್ಸ್‌ನನ್ನು ಜಲಪಾತಕ್ಕೆ ಬೀಳಿಸಿ ಕೊಂದಾಗ ಓದುಗರು ಸಿಟ್ಟಿನ ಪತ್ರಗಳನ್ನು ಬರೆದರು. ಹತ್ತು ವರ್ಷಗಳ ಬಳಿಕ, 1903ರಲ್ಲಿ, ಅವರು ಅವನನ್ನು ಬದುಕಿಸಿ ಕರೆತರಬೇಕಾಯಿತು. ಆ ಪತ್ರಗಳನ್ನು ಬರೆದವರಿಗೆ ಬೇಕಾಗಿದ್ದದ್ದು ಹೊಸ ಒಗಟಷ್ಟೇ ಆಗಿದ್ದರೆ ಬೇರೊಬ್ಬ ಪತ್ತೇದಾರ ಸಾಕಾಗುತ್ತಿದ್ದ.

[ಪರದೆಯ ಮೇಲೆ: ಮತ್ತೆ ಅದೇ ಹದಿನಾಲ್ಕನೆಯ ಪುಟ]

ಈ ಪುಸ್ತಕವನ್ನು ನಾಳೆ ಪಾವಗಡಕ್ಕೆ ಹಿಂದಿರುಗಿಸುತ್ತಿದ್ದೇನೆ. ನಾನೂ ಓದಿ ಮುಗಿಸಿದೆ. ಮ್ಯಾನೇಜರು ನೂರಾ ಎಂಟನೆಯ ಪುಟದಲ್ಲಿ ಮುದುಕ ಗುಮಾಸ್ತನನ್ನು ಊಟಕ್ಕೆ ಕರೆಯುತ್ತಾನೆ, ಗುಮಾಸ್ತ ಒಗೆದ ಅಂಗಿ ಹಾಕಿಕೊಂಡು ಹೊರಡುತ್ತಾನೆ. ಆ ಪುಟದ ಅಂಚಿನಲ್ಲಿ, ಅದೇ ಮೂರನೆಯ ಕೈಬರಹದಲ್ಲಿ, ಎರಡೇ ಪದಗಳಿವೆ: "ಹೋಗಬೇಡಿ ರಾಯರೇ."